ಇಳಿಜಾರು ಹೊಲದ ಕಿರುಗಾಲುವೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಯಲುಸೀಮೆಯ ಮಳೆಯಾಶ್ರಿತ ಹೊಲಗಳನ್ನು, ಅಂದರೆ ಕೆಂಪು ಮಸಾರಿ ಮತ್ತು ಎರೆ ಭೂಮಿಯನ್ನು, ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದೆ. ಮಲೆನಾಡಿನ ಗುಡ್ಡಗಳ ಲೆಕ್ಕ ಬೇರೆ. ಅದಕ್ಕೆ ಕೊನೆಯ ಹೊತ್ತಿಗೆ ಒಂದು ಪ್ರಶ್ನೆ ಇದೆ.

ಕಿರುಗಾಲುವೆ ಎಂದರೆ ಯಾವುದು? ಕೊರಕಲಿಗೂ ಅದಕ್ಕೂ ಗೆರೆ ಎಲ್ಲಿ?

ಜೋರು ಮಳೆ ನಿಂತ ಮೇಲೆ ಇಳಿಜಾರು ಹೊಲದಲ್ಲಿ ಬೆರಳಗಲದಿಂದ ಗೇಣಗಲದವರೆಗಿನ ಸೀಳುಗಳು ಕಾಣುತ್ತವಲ್ಲ, ಅವೇ ಕಿರುಗಾಲುವೆಗಳು. ಆಳ ಸಾಮಾನ್ಯವಾಗಿ ಕೆಲವು ಸೆಂಟಿಮೀಟರ್. ಹೆಚ್ಚೆಂದರೆ 30 ಸೆಂ.ಮೀ. ಆದರೆ ಅಳತೆಪಟ್ಟಿಗಿಂತ ಕುಂಟೆಯೇ ಒಳ್ಳೆಯ ಪರೀಕ್ಷೆ. ಒಂದು ಸಲ ನೇಗಿಲು, ಕುಂಟೆ ಆಡಿಸಿದರೆ ಮುಚ್ಚಿಹೋಗುವುದು ಕಿರುಗಾಲುವೆ. ಎತ್ತು ಅಥವಾ ಟ್ರ್ಯಾಕ್ಟರ್ ದಾಟಲಾಗದೆ ಸುತ್ತಿಕೊಂಡು ಹೋಗಬೇಕಾದದ್ದು ಕೊರಕಲು.

ಹೀಗೆ ಮುಚ್ಚಿಹೋಗುವುದೇ ಇದರ ಅಪಾಯ. ಕೊರಕಲು ಕಣ್ಣಿಗೆ ಹೊಡೆಯುತ್ತದೆ, ಎಲ್ಲರೂ ಅದರ ಬಗ್ಗೆ ಮಾತಾಡುತ್ತಾರೆ. ಕಿರುಗಾಲುವೆ ಪ್ರತಿ ವರ್ಷ ಬಿತ್ತನೆಯ ಹೊತ್ತಿಗೆ ಮಾಯವಾಗುತ್ತದೆ. ಅದರೊಂದಿಗೆ ಹೋದ ಮೇಲ್ಮಣ್ಣಿನ ಲೆಕ್ಕವೂ ಮಾಯ.

ಮಳೆನೀರು ಮೊದಲು ಹಾಳೆಯಂತೆ ಹರಿಯುತ್ತದೆ ಎನ್ನುತ್ತಾರೆ. ಅದು ಕಾಲುವೆಯಾಗುವುದು ಯಾವಾಗ?

ಮಣ್ಣು ಇಂಗಿಸಿಕೊಳ್ಳುವ ವೇಗಕ್ಕಿಂತ ಮಳೆ ಬೀಳುವ ವೇಗ ಹೆಚ್ಚಾದಾಗ ನೀರು ಮೇಲೆ ನಿಲ್ಲುತ್ತದೆ. ಮೊದಲು ಹೆಂಟೆಗಳ ನಡುವಿನ ತಗ್ಗು ತುಂಬುತ್ತವೆ, ಆಮೇಲೆ ಒಂದು ತಗ್ಗಿನಿಂದ ಇನ್ನೊಂದಕ್ಕೆ ನೀರು ತುಳುಕುತ್ತದೆ. ಈ ಹಂತದಲ್ಲಿ ನೀರಿನ ಪದರ ಕೆಲವೇ ಮಿಲಿಮೀಟರ್. ಹರಿವು ಎಷ್ಟು ನಿಧಾನವೆಂದರೆ ತಾನಾಗಿ ಮಣ್ಣು ಕೀಳುವ ಶಕ್ತಿ ಅದಕ್ಕೆ ಇಲ್ಲ. ಇಲ್ಲಿ ಮಣ್ಣನ್ನು ಬಿಡಿಸುವುದು ಹನಿ. 5 ಮಿ.ಮೀ. ಗಾತ್ರದ ದಪ್ಪ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಹನಿ ಬಿಡಿಸಿದ್ದನ್ನು ನೀರಿನ ಪದರ ಮೆಲ್ಲಗೆ ಸಾಗಿಸುತ್ತದೆ, ಅಷ್ಟೇ.

ಆದರೆ ನಿಜವಾದ ಹೊಲದಲ್ಲಿ 'ಹಾಳೆ' ಎಲ್ಲೂ ಸಮವಾಗಿರುವುದಿಲ್ಲ. ತುಸು ತಗ್ಗಿರುವ ಕಡೆಗೆ ನೀರು ವಾಲುತ್ತದೆ. ಅಲ್ಲಿ ಆಳ ಹೆಚ್ಚುತ್ತದೆ, ಆಳ ಹೆಚ್ಚಿದಂತೆ ತಳಕ್ಕೆ ಉಜ್ಜುವ ಬಲವೂ ಹೆಚ್ಚುತ್ತದೆ. ಈ ಉಜ್ಜುಬಲ ಮಣ್ಣಿನ ಹಿಡಿತವನ್ನು ಮೀರಿದ ಕ್ಷಣ ಒಂದು ಚಿಕ್ಕ ಮೆಟ್ಟಿಲು ಕಡಿಯುತ್ತದೆ. ಬರಿಯ ಒಂದೆರಡು ಸೆಂಟಿಮೀಟರಿನ ಮೆಟ್ಟಿಲು. ಕಾಲುವೆ ಹುಟ್ಟುವುದು ಅಲ್ಲಿಯೇ.

ಅಮೆರಿಕದ ಜಲವಿಜ್ಞಾನಿ ರಾಬರ್ಟ್ ಹಾರ್ಟನ್ 1945ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಗುಡ್ಡದ ನೆತ್ತಿಯಿಂದ ಕೆಳಗೆ ಒಂದಷ್ಟು ದೂರ ಹರಿನೀರು ಮಣ್ಣು ಕೊರೆಯದ ಪಟ್ಟಿಯೊಂದು ಇರುತ್ತದೆ. ಅದರ ಕೆಳಗೆ ನೀರಿನ ಮೊತ್ತ ಸಾಕಷ್ಟಾಗಿ ಕಾಲುವೆಗಳು ಶುರುವಾಗುತ್ತವೆ. ನಿಮ್ಮ ಹೊಲದಲ್ಲಿ ಆ ಪಟ್ಟಿ ಎಷ್ಟು ಅಗಲವಿದೆ ಎಂದು ಒಂದು ಮಳೆಯ ನಂತರ ಹೆಜ್ಜೆ ಹಾಕಿ ಎಣಿಸಿ. ತಡೆ ಎಲ್ಲಿ ಬೇಕು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಇಲ್ಲ.

ಇಳಿಜಾರು ಕಡಿದಾದಷ್ಟೂ ಕಾಲುವೆಯ ನೀರು ಜೋರಾಗಿ ಓಡುತ್ತದೆ, ಅಲ್ಲವೇ?

ಸಿಮೆಂಟ್ ಚರಂಡಿಯಲ್ಲಿ ಹೌದು. ಸಡಿಲ ಮಣ್ಣಿನ ಕಿರುಗಾಲುವೆಯಲ್ಲಿ ಹಾಗಲ್ಲ. ಈ ವಿಷಯದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಬೆಲ್ಜಿಯಂನ ಗೋವರ್ಸ್ 1992ರಲ್ಲಿ ಹಲವು ಪ್ರಯೋಗಗಳ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕೊರೆಯಬಲ್ಲ ತಳವಿರುವ ಕಿರುಗಾಲುವೆಯಲ್ಲಿ ನೀರಿನ ವೇಗವನ್ನು ತೀರ್ಮಾನಿಸುವುದು ನೀರಿನ ಮೊತ್ತ, ಇಳಿಜಾರಿನ ಪಾತ್ರ ನಗಣ್ಯ ಎಂದು ಕಂಡುಬಂತು. ಅವರ ಸೂತ್ರದಂತೆ ಸೆಕೆಂಡಿಗೆ 0.1 ಲೀಟರ್ ಹರಿಯುವ ಕಾಲುವೆಯಲ್ಲಿ ವೇಗ ಸೆಕೆಂಡಿಗೆ ಸುಮಾರು 23 ಸೆಂ.ಮೀ. 1 ಲೀಟರ್ ಹರಿದರೆ ಸುಮಾರು 46 ಸೆಂ.ಮೀ.

ಇದಕ್ಕೆ ಕಾರಣ ಸರಳ. ಇಳಿಜಾರು ಹೆಚ್ಚಿದಂತೆ ನೀರು ತಳವನ್ನು ಹೆಚ್ಚು ಕೊರೆದು ಗುಂಡಿ, ಮೆಟ್ಟಿಲು ಮಾಡಿಕೊಳ್ಳುತ್ತದೆ. ಆ ಒರಟುತನವೇ ನೀರನ್ನು ಹಿಡಿದು ನಿಲ್ಲಿಸುತ್ತದೆ. ಹೆಚ್ಚುವರಿ ಶಕ್ತಿ ವೇಗಕ್ಕೆ ಹೋಗುವ ಬದಲು ಮಣ್ಣು ಕೀಳುವುದಕ್ಕೆ ಹೋಗುತ್ತದೆ. ಹಾಗಾಗಿ 'ನೀರು ಅಷ್ಟೇನೂ ಜೋರಿಲ್ಲ, ಪರವಾಗಿಲ್ಲ' ಎಂದು ಕಡಿದಾದ ಹೊಲದಲ್ಲಿ ನಿಂತು ಸಮಾಧಾನ ಪಟ್ಟುಕೊಳ್ಳಬೇಡಿ. ತಳದಲ್ಲಿ ಕಲ್ಲುಗಳಿದ್ದು ನೀರು ತನಗೆ ಬೇಕಾದಂತೆ ತಳ ತಿದ್ದಿಕೊಳ್ಳಲಾಗದಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ.

ಹಾಗಾದರೆ ಎಷ್ಟು ನೀರು ಒಂದೆಡೆ ಸೇರಿದರೆ ಅಪಾಯ? ಲೆಕ್ಕ ಹಾಕಿ ತೋರಿಸುತ್ತೀರಾ?

ಸುಮಾರು ಎರಡು ಎಕರೆಯ ಒಂದು ಹೊಲ ತೆಗೆದುಕೊಳ್ಳೋಣ. ಅಡ್ಡಕ್ಕೆ 100 ಮೀಟರ್, ಇಳಿಜಾರಿನ ಉದ್ದಕ್ಕೆ 80 ಮೀಟರ್, ಇಳಿಜಾರು ಶೇ. 4, ಅಂದರೆ 100 ಮೀಟರಿಗೆ 4 ಮೀಟರ್ ಇಳಿತ. ಗಂಟೆಗೆ 50 ಮಿ.ಮೀ. ರಭಸದ ಮಳೆ, ಅದರಲ್ಲಿ ಶೇ. 40 ಹರಿದುಹೋಗುತ್ತದೆ ಎಂದುಕೊಳ್ಳಿ. ಕೆಳ ಅಂಚಿಗೆ ಬರುವ ನೀರು ಸೆಕೆಂಡಿಗೆ ಸುಮಾರು 44 ಲೀಟರ್.

ಈ ನೀರು 100 ಸಣ್ಣ ಎಳೆಗಳಾಗಿ ಬಂದರೆ ಒಂದೊಂದರಲ್ಲಿ 0.44 ಲೀಟರ್. ಎಳೆಯ ಅಗಲ 8 ಸೆಂ.ಮೀ. ಇದ್ದರೆ ನೀರಿನ ಆಳ ಒಂದೂವರೆ ಸೆಂ.ಮೀ., ತಳದ ಮೇಲಿನ ಉಜ್ಜುಬಲ ಸುಮಾರು 4.3 ಪ್ಯಾಸ್ಕಲ್ (ಪ್ಯಾಸ್ಕಲ್ ಎಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಬಲವನ್ನು ಅಳೆಯುವ ಮಾನ). ಅದೇ ನೀರು 10 ಕಾಲುವೆಗಳಿಗೆ ಸೇರಿಕೊಂಡರೆ ಒಂದೊಂದರಲ್ಲಿ 4.4 ಲೀಟರ್. ಅಗಲ 20 ಸೆಂ.ಮೀ., ಆಳ 3 ಸೆಂ.ಮೀ., ಉಜ್ಜುಬಲ ಸುಮಾರು 9 ಪ್ಯಾಸ್ಕಲ್.

ಪ್ರತಿ ಮಣ್ಣಿಗೂ ಒಂದು ಹೊಸ್ತಿಲು ಇದೆ. ಉಜ್ಜುಬಲ ಅದನ್ನು ದಾಟುವವರೆಗೆ ತಳ ಕದಲುವುದಿಲ್ಲ, ದಾಟಿದ ಮೇಲೆ ದಾಟಿದಷ್ಟಕ್ಕೆ ತಕ್ಕಂತೆ ಮಣ್ಣು ಏಳುತ್ತದೆ. ಹೊಸ್ತಿಲು 4.5 ಪ್ಯಾಸ್ಕಲ್ ಇರುವ ಮಣ್ಣಾದರೆ ಮೊದಲ ಸ್ಥಿತಿಯಲ್ಲಿ ನೀರು ಸುಮ್ಮನೆ ಹರಿದು ಹೋಗುತ್ತದೆ, ಎರಡನೆಯದರಲ್ಲಿ ತಳ ಕಿತ್ತುಬರುತ್ತದೆ. ಮಳೆ ಅದೇ, ಇಳಿಜಾರು ಅದೇ, ಮಣ್ಣು ಅದೇ. ಬದಲಾದದ್ದು ನೀರು ಗುಂಪುಗೂಡಿದ ರೀತಿ ಮಾತ್ರ. ಹೊಲದ ಕೆಳತುದಿಯಲ್ಲಿ ಕಾಲುವೆಯ ಜೊತೆ ಗುದ್ದಾಡುವುದಕ್ಕಿಂತ ಮೇಲೆ ನೀರು ಗುಂಪುಗೂಡದಂತೆ ನೋಡಿಕೊಳ್ಳಿ ಎಂದು ನಾವು ಪಟ್ಟು ಹಿಡಿಯುವುದು ಇದಕ್ಕೇ.

ಪಕ್ಕಪಕ್ಕದ ಎರಡು ಕಾಲುವೆಗಳಲ್ಲಿ ಒಂದು ಬೆಳೆಯುತ್ತಾ ಇನ್ನೊಂದು ಒಣಗುವುದು ಯಾಕೆ?

ಆಳವಾದದ್ದು ಕದಿಯುತ್ತದೆ. ನಡುವಿನ ದಿಬ್ಬ ಎಲ್ಲಾದರೂ ಒಡೆದರೆ ಎತ್ತರದಲ್ಲಿರುವ ಕಾಲುವೆಯ ನೀರು ಆಳದ ಕಾಲುವೆಗೆ ಇಳಿಯುತ್ತದೆ. ನೀರು ಹೆಚ್ಚಾದ್ದರಿಂದ ಅದು ಇನ್ನೂ ಆಳವಾಗುತ್ತದೆ, ಮುಂದಿನ ನೆರೆಯವನದನ್ನೂ ಕದಿಯುತ್ತದೆ. ಮಳೆಯ ಆರಂಭದಲ್ಲಿ ಇಪ್ಪತ್ತು ಎಳೆಗಳಿದ್ದ ಕಡೆ ಕೊನೆಗೆ ಎರಡೋ ಮೂರೋ ಉಳಿಯುತ್ತವೆ. ಅವೇ ನಾಳಿನ ಕೊರಕಲಿನ ಬೀಜ.

ಕಾಲುವೆಯೊಳಗೆ ಮೆಟ್ಟಿಲು ಮೆಟ್ಟಿಲಾಗಿ ಗುಂಡಿಗಳಿವೆ. ಯಾವುದನ್ನು ಮೊದಲು ಮುಚ್ಚಬೇಕು?

ಯಾವುದನ್ನೂ ಬರಿ ಮಣ್ಣಿನಿಂದ ಮುಚ್ಚಬೇಡಿ. ಮೆಟ್ಟಿಲ ಮೇಲಿಂದ ಧುಮುಕುವ ನೀರು ಬುಡದಲ್ಲಿ ಸುಳಿದು ಮೆಟ್ಟಿಲ ಅಡಿಯನ್ನು ತೋಡುತ್ತದೆ, ಮೇಲಿನ ತುಟಿ ಜೋತುಬಿದ್ದು ಕುಸಿಯುತ್ತದೆ, ಮೆಟ್ಟಿಲು ಒಂದು ಹೆಜ್ಜೆ ಮೇಲಕ್ಕೆ ಸರಿಯುತ್ತದೆ. ನೀರು ಹರಿಯುವುದು ಕೆಳಕ್ಕೆ, ಕೊರೆತ ನಡೆಯುವುದು ಮೇಲಕ್ಕೆ! ಸಡಿಲ ಮಣ್ಣು ಸುರಿದರೆ ಮೊದಲ ಹದಮಳೆಗೇ ಅದು ಹೋಗುತ್ತದೆ, ಮೆಟ್ಟಿಲು ಇದ್ದಲ್ಲೇ ಇರುತ್ತದೆ. ಎಲ್ಲಕ್ಕಿಂತ ಮೇಲಿರುವ ಮೆಟ್ಟಿಲನ್ನು ಗುರುತಿಸಿ, ಅದರ ತುಟಿಯನ್ನು ಓರೆಯಾಗಿ ಕಡಿದು, ಕಲ್ಲು ಹಾಸಿ ಅಥವಾ ಹುಲ್ಲಿನ ಹೆಂಟೆ ಕೂರಿಸಿ. ಜೊತೆಗೆ ಅದರ ಮೇಲಿನಿಂದ ಬರುವ ನೀರನ್ನು ಪಕ್ಕಕ್ಕೆ ಹರಡಿ. ಇದಾದ ಮೇಲೆ ಕೆಳಗಿನವುಗಳ ಸರದಿ.

ಬದು ದಾಟಿ ಬರುವ ನೀರು ತಿಳಿಯಾಗಿದೆ. ಆದರೂ ಬದುವಿನ ಕೆಳಗೇ ಹೊಸ ಕಾಲುವೆ ಬಿದ್ದಿದೆಯಲ್ಲ?

ತಿಳಿಯಾಗಿರುವುದರಿಂದಲೇ. ಹರಿವ ನೀರಿಗೆ ಇಷ್ಟು ಮಣ್ಣು ಹೊರಬಲ್ಲೆ ಎಂಬ ಮಿತಿ ಇರುತ್ತದೆ. ಹೊರೆ ತುಂಬಿದ ಕೆಂಪು ನೀರು ಇನ್ನಷ್ಟು ಕೀಳುವುದಿಲ್ಲ, ಕೆಲವೊಮ್ಮೆ ಇಳಿಸಿಯೇ ಹೋಗುತ್ತದೆ. ಬದುವಿನ ಹಿಂದೆ ನಿಂತು ಗೋಡನ್ನು ಇಳಿಸಿ ಬಂದ ನೀರು ಖಾಲಿ ಬುಟ್ಟಿಯಂತೆ, ಮುಂದಿನ ಹೆಜ್ಜೆಯಲ್ಲೇ ತುಂಬಿಕೊಳ್ಳಲು ಶುರುಮಾಡುತ್ತದೆ. ಅದಕ್ಕೇ ಕೋಡಿಯ ಕೆಳಗೆ ಕಲ್ಲುಹಾಸು ಬೇಕು. ಕೋಡಿ ಇಲ್ಲದ ಬದು ಹಾಕಿಸಿ, ಎಲ್ಲಿ ತಗ್ಗಿದೆಯೋ ಅಲ್ಲಿ ನೀರು ತಾನೇ ದಾರಿ ಮಾಡಿಕೊಳ್ಳಲಿ ಎಂದು ಬಿಡುವುದು ನಮಗೆ ಅತಿ ಹೆಚ್ಚು ಸಲ ಕಾಣುವ ತಪ್ಪು.

ಪ್ರತಿ ವರ್ಷ ಉತ್ತು ಸಮ ಮಾಡಿದರೂ ಅದೇ ಜಾಗದಲ್ಲಿ ಮತ್ತೆ ಕಾಲುವೆ ಬೀಳುತ್ತದೆ. ಯಾಕೆ?

ಉಳುಮೆ ಮುಚ್ಚುವುದು ಕಾಲುವೆಯನ್ನು, ತಗ್ಗನ್ನಲ್ಲ. ಎರಡೂ ಪಕ್ಕದ ಮಣ್ಣು ಎಳೆದು ತುಂಬಿದಾಗ ಆ ಜಾಗ ಅಗಲವಾದ ಬೋಗುಣಿಯಂತಾಗುತ್ತದೆ, ಮುಂದಿನ ಮಳೆಗೆ ಇನ್ನೂ ದೂರದಿಂದ ನೀರು ಸೆಳೆಯುತ್ತದೆ. ತುಂಬಿದ ಮಣ್ಣು ಸಡಿಲ, ಹಾಗಾಗಿ ಬೇಗ ಹೋಗುತ್ತದೆ.

ಇನ್ನೊಂದು ಕಾರಣ ನೇಗಿಲ ತಳದಲ್ಲಿ ಗಟ್ಟಿಯಾದ ಪದರ. ಒಂದೇ ಆಳಕ್ಕೆ ವರ್ಷಗಟ್ಟಲೆ ಉತ್ತ ಹೊಲದಲ್ಲಿ ಇದು ಇದ್ದೇ ಇರುತ್ತದೆ. ಕಾಲುವೆ ಅಲ್ಲಿಯವರೆಗೆ ಬೇಗ ಇಳಿದು, ಮುಂದೆ ಇಳಿಯಲಾಗದೆ ಪಕ್ಕಕ್ಕೆ ಅಗಲವಾಗುತ್ತದೆ. ತಳ ಚಪ್ಪಟೆ, ಗೋಡೆ ನೆಟ್ಟಗೆ ಇರುವ ಕಾಲುವೆ ಕಂಡರೆ ಈ ಪದರ ಇದೆ ಎಂದೇ ತಿಳಿಯಿರಿ.

ಟ್ರ್ಯಾಕ್ಟರಿನವರಿಗೆ ಮೇಲಿಂದ ಕೆಳಕ್ಕೆ ಉಳುವುದು ಸುಲಭ, ತಿರುವು ಕಡಿಮೆ. ಆದರೆ ಹಾಗೆ ಉತ್ತ ಪ್ರತಿ ಸಾಲೂ, ಚಕ್ರದ ಪ್ರತಿ ಗುರುತೂ ಸಿದ್ಧ ಕಾಲುವೆ. ಬಾಡಿಗೆಗೆ ಹೇಳುವಾಗಲೇ ಅಡ್ಡ ಉಳುಮೆ ಎಂದು ಮಾತು ಕಟ್ಟಿಕೊಳ್ಳಿ.

ಕೆಂಪು ಮಣ್ಣಿಗೂ ಎರೆ ಮಣ್ಣಿಗೂ ಏನು ವ್ಯತ್ಯಾಸ?

ಬಹಳ ಇದೆ. ಕೆಂಪು ಮಣ್ಣಿನ ಸಮಸ್ಯೆ ಮೇಲ್ಮೈಯದು. ಹನಿಯ ಏಟಿಗೆ ಮೇಲಿನ ಕೆಲವು ಮಿಲಿಮೀಟರ್ ಮಣ್ಣು ಕದಡಿ, ರಂಧ್ರ ಮುಚ್ಚಿ, ಒಣಗಿದಾಗ ಹಪ್ಪಳದಂತೆ ಗಟ್ಟಿಯಾಗುತ್ತದೆ. ಒಳಗೆ ಮಣ್ಣು ಒಣಗಿದ್ದರೂ ಮೇಲೆ ನೀರು ಓಡುತ್ತದೆ. ಹಪ್ಪಳವನ್ನು ಕುಂಟೆಯಿಂದ ಒಡೆದರೆ ಒಂದೆರಡು ಮಳೆಗೆ ಅನುಕೂಲ, ಆಮೇಲೆ ಮತ್ತೆ ಕಟ್ಟುತ್ತದೆ.

ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದಿರುತ್ತದೆ, ಮೊದಲ ಮಳೆಯನ್ನು ಬಿರುಕುಗಳು ಕುಡಿದುಬಿಡುತ್ತವೆ. ನೆನೆದು ಉಬ್ಬಿ ಬಿರುಕು ಮುಚ್ಚಿದ ಮೇಲೆ ಇಂಗುವುದು ತೀರಾ ನಿಧಾನವಾಗುತ್ತದೆ. ಹಿಂಗಾರಿ ಜೋಳಕ್ಕೆಂದು ಮುಂಗಾರಿನಲ್ಲಿ ಹೊಲ ಖಾಲಿ ಬಿಡುವ ವಿಜಯಪುರದ ಕಡೆ, ಉತ್ತರೆ, ಹಸ್ತದ ದೊಡ್ಡ ಮಳೆ ನೆನೆದ ಬೋಳು ಹೊಲದ ಮೇಲೆ ಬಿದ್ದಾಗ ಶೇ. 1ರ ಇಳಿಜಾರಿನಲ್ಲೂ ಕಾಲುವೆ ಬೀಳುತ್ತದೆ. ಅಲ್ಲಿ ಎತ್ತರದ ಒಡ್ಡು ಹಾಕಿದರೆ ಒಡ್ಡೇ ಬಿರಿದು ಒಡೆಯುತ್ತದೆ. ಜೂನ್-ಜುಲೈನಲ್ಲಿ 3ರಿಂದ 4.5 ಮೀಟರ್ ಚೌಕದ ಮಡಿಗಳನ್ನು ಕಟ್ಟಿ ನೀರನ್ನು ಬಿದ್ದಲ್ಲೇ ಹಿಡಿಯುವ ಚೌಕು ಮಡಿ ಪದ್ಧತಿ ಆ ಮಣ್ಣಿಗೆ ಸರಿ.

ಎರೆಯಲ್ಲಿ ಇನ್ನೊಂದು ಕಾಟವಿದೆ: ಬಿರುಕಿನೊಳಗೆ ಇಳಿದ ನೀರು ನೆಲದಡಿಯಲ್ಲೇ ಸುರಂಗ ಕೊರೆದು ಕೆಳಗೆಲ್ಲೋ ಹೊರಬರುತ್ತದೆ, ಒಂದು ದಿನ ಮೇಲ್ಭಾಗ ಕುಸಿಯುತ್ತದೆ. ನಿಮ್ಮ ಮಣ್ಣು ಹಾಗೆ ಕರಗುವ ಜಾತಿಯದೇ ಎಂದು ನೋಡಲು ಕಡಲೆಕಾಳಿನ ಗಾತ್ರದ ಒಣ ಹೆಂಟೆಯನ್ನು ಗಾಜಿನ ಲೋಟದ ಮಳೆನೀರಿನಲ್ಲಿ ಮೆಲ್ಲಗೆ ಇಳಿಸಿ, ಅಲುಗಿಸದೆ ಎರಡು ಗಂಟೆ ಬಿಡಿ. ಹೆಂಟೆ ಪುಡಿಯಾಗಿ ಕುಸಿದು ನೀರು ತಿಳಿಯಾಗಿಯೇ ಉಳಿದರೆ ಚಿಂತೆಯಿಲ್ಲ. ಸುತ್ತ ಹಾಲಿನಂಥ ಮೋಡ ಎದ್ದರೆ ಸೋಡಿಯಂ ಹೆಚ್ಚು. ಮಣ್ಣು ಪರೀಕ್ಷೆ ಮಾಡಿಸಿ ಜಿಪ್ಸಂ ಹಾಕದೆ ಬರಿ ತಡೆ ಕಟ್ಟಿ ಪ್ರಯೋಜನವಿಲ್ಲ. ಕೊಳವೆಬಾವಿ ನೀರಿನಲ್ಲಿ ಈ ಪರೀಕ್ಷೆ ಮಾಡಬೇಡಿ. ಅದರ ಉಪ್ಪು ಮೋಡ ಏಳದಂತೆ ತಡೆದು ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಕಾಲುವೆಗಳಿಂದ ಎಷ್ಟು ಮಣ್ಣು ಹೋಯಿತು ಎಂದು ನಾವೇ ಅಳೆಯಬಹುದೇ?

ಒಂದು ಟೇಪು, ಒಂದು ಸ್ಕೇಲು ಸಾಕು. ಇಳಿಜಾರಿಗೆ ಅಡ್ಡವಾಗಿ 10 ಮೀಟರ್ ಟೇಪು ಹಾಸಿ. ಅದು ದಾಟುವ ಪ್ರತಿ ಕಾಲುವೆಯ ಅಗಲ, ಆಳ ಬರೆದುಕೊಳ್ಳಿ. ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಮಾಡಿ ಸರಾಸರಿ ತೆಗೆಯಿರಿ. ಕೆಳಗೊಂದೇ ಕಡೆ ಅಳೆದರೆ ನಷ್ಟ ಉಬ್ಬಿಸಿ ಕಾಣುತ್ತದೆ.

ಉದಾಹರಣೆಗೆ 10 ಮೀಟರಿನಲ್ಲಿ 6 ಕಾಲುವೆ, ಒಂದೊಂದೂ 12 ಸೆಂ.ಮೀ. ಅಗಲ, 5 ಸೆಂ.ಮೀ. ಆಳ, ಗೋಡೆ ನೆಟ್ಟಗೆ ಇವೆ ಎನ್ನಿ. ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ 0.036 ಚದರ ಮೀಟರ್. ಅದನ್ನು 10 ಮೀಟರಿಗೆ ಹಂಚಿದರೆ 3.6 ಮಿ.ಮೀ. ಮಣ್ಣಿನ ಪದರ. ಎಕರೆಗೆ ಸುಮಾರು 14.5 ಘನ ಮೀಟರ್, ಘನ ಮೀಟರಿಗೆ 1.4 ಟನ್ ಹಿಡಿದರೆ ಸುಮಾರು 20 ಟನ್. ಟ್ರ್ಯಾಕ್ಟರ್ ಟ್ರೇಲರಿಗೆ 3 ಟನ್ ಎಂದುಕೊಂಡರೆ ಆರೇಳು ಲೋಡು. ಕಾಲುವೆ ಇಂಗ್ಲಿಷಿನ 'ವಿ' ಅಕ್ಷರದಂತಿದ್ದರೆ ಇದರ ಅರ್ಧ. ಕಾಲುವೆಗಳ ನಡುವೆ ಪದರಪದರವಾಗಿ ಹೋದ ಮಣ್ಣು ಈ ಲೆಕ್ಕದಲ್ಲಿ ಇಲ್ಲ.

ಬದು, ಹುಲ್ಲಿನ ಸಾಲು ಹಾಕಲು ಸಮಮಟ್ಟದ ಗೆರೆ ಎಳೆಯುವುದು ಹೇಗೆ?

ಗಾರೆಯವರು ಬಳಸುವ ನೀರಿನ ಪೈಪು ಸಾಕು. 12ರಿಂದ 15 ಮೀಟರ್ ಪಾರದರ್ಶಕ ಪೈಪಿನ ಎರಡು ತುದಿಗಳನ್ನು ಸೆಂಟಿಮೀಟರ್ ಗುರುತು ಹಾಕಿದ ಎರಡು ಕೋಲುಗಳಿಗೆ ಕಟ್ಟಿ, ನೀರು ತುಂಬಿ. ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಲೆಕ್ಕ ಕೆಡುತ್ತದೆ. ಮೊದಲು ಎರಡೂ ಕೋಲನ್ನು ಒಂದೇ ಜಾಗದಲ್ಲಿ ನಿಲ್ಲಿಸಿ ಎರಡೂ ಕಡೆ ಒಂದೇ ಅಂಕಿ ಬರುತ್ತದೆಯೇ ನೋಡಿ. ಆಮೇಲೆ ಒಬ್ಬರು ನಿಂತಲ್ಲೇ ನಿಂತು, ಇನ್ನೊಬ್ಬರು 10 ಮೀಟರ್ ದೂರದಲ್ಲಿ ಅದೇ ಅಂಕಿ ಬರುವ ಜಾಗ ಹುಡುಕಿ ಗೂಟ ಹೊಡೆಯಬೇಕು. ಇಳಿಜಾರು ತಿಳಿಯಲೂ ಇದೇ ಉಪಕರಣ: ಇಳಿಜಾರಿನ ನೇರಕ್ಕೆ 10 ಮೀಟರಿಗೆ 40 ಸೆಂ.ಮೀ. ವ್ಯತ್ಯಾಸ ಬಂದರೆ ಶೇ. 4.

ಮರದ ಕಾಲುಗಳ, ನಡುವೆ ಕಲ್ಲು ನೇತುಬಿಟ್ಟ ತ್ರಿಕೋನ ಚೌಕಟ್ಟೂ ನಡೆಯುತ್ತದೆ, ಆದರೆ ಗಾಳಿ ಬೀಸುವ ದಿನ ಬೇಡ.

ಬದುಗಳ ನಡುವೆ ಎಷ್ಟು ಅಂತರ?

ನಮ್ಮ ಕಡೆ ಬಳಕೆಯಲ್ಲಿರುವ ಒಂದು ಸೂತ್ರ ಹೀಗಿದೆ. ಇಳಿಜಾರಿನ ಶೇಕಡಾ ಅಂಕಿಯನ್ನು 3ರಿಂದ ಭಾಗಿಸಿ, 2 ಕೂಡಿಸಿ, 0.3ರಿಂದ ಗುಣಿಸಿ. ಬಂದದ್ದು ಒಂದು ಬದುವಿನಿಂದ ಇನ್ನೊಂದಕ್ಕೆ ಇರಬೇಕಾದ ಎತ್ತರದ ವ್ಯತ್ಯಾಸ, ಮೀಟರುಗಳಲ್ಲಿ. ಶೇ. 3ರ ಇಳಿಜಾರಿಗೆ 0.9 ಮೀಟರ್, ಅಂದರೆ ನೆಲದ ಮೇಲೆ 30 ಮೀಟರ್ ಅಂತರ. ಶೇ. 5ಕ್ಕೆ ಸುಮಾರು 22 ಮೀಟರ್. ಇದನ್ನು ದೇವವಾಕ್ಯ ಎಂದು ತಿಳಿಯಬೇಕಿಲ್ಲ. ನಿಮ್ಮ ಹೊಲದಲ್ಲಿ 15 ಮೀಟರಿಗೇ ಕಾಲುವೆ ಶುರುವಾಗುತ್ತಿದ್ದರೆ ನಡುವೆ ಇನ್ನೊಂದು ಹುಲ್ಲಿನ ಸಾಲು ಬೇಕು. ಗಡಿಯ ಅನುಕೂಲಕ್ಕೆಂದು ಬದುವನ್ನು ನೇರಗೆರೆಯಲ್ಲಿ ಎಳೆದರೆ, ಅದು ನೀರನ್ನು ತಡೆಯುವ ಬದಲು ತಗ್ಗಿನ ಮೂಲೆಗೆ ಸಾಗಿಸುವ ಕಾಲುವೆಯಾಗುತ್ತದೆ.

ಈಗಾಗಲೇ ಬಿದ್ದಿರುವ ಕಾಲುವೆಗೆ ಕಲ್ಲಿನ ತಡೆ ಹೇಗೆ?

ತೆಂಗಿನಕಾಯಿ ಗಾತ್ರದ ಕಲ್ಲು ತನ್ನಿ. ತಳವನ್ನು 10 ಸೆಂ.ಮೀ. ಅಗೆದು ಮೊದಲ ಸಾಲು ಹೂತು ಕೂರಿಸಿ. ಎರಡೂ ದಡದೊಳಗೆ 15ರಿಂದ 20 ಸೆಂ.ಮೀ. ತೂರಿಸಿ, ಇಲ್ಲದಿದ್ದರೆ ನೀರು ಪಕ್ಕದಿಂದ ಸುತ್ತಿ ಹೋಗಿ ಕಾಲುವೆ ಇಮ್ಮಡಿ ಅಗಲವಾಗುತ್ತದೆ. ನಡುಭಾಗ ಅಂಚಿಗಿಂತ 5ರಿಂದ 8 ಸೆಂ.ಮೀ. ತಗ್ಗಿರಲಿ. ಕೆಳಬದಿಗೆ ಒಂದು ಮೊಳದಷ್ಟು ಕಲ್ಲು ಹಾಸಿ. ಅಂತರಕ್ಕೆ ಒಂದೇ ನಿಯಮ: ಕೆಳಗಿನ ತಡೆಯ ತಲೆ ಮೇಲಿನ ತಡೆಯ ಪಾದದ ಮಟ್ಟಕ್ಕೆ ಬರಬೇಕು. 20 ಸೆಂ.ಮೀ. ಎತ್ತರದ ತಡೆ, ಶೇ. 4ರ ಇಳಿಜಾರು ಆದರೆ 5 ಮೀಟರಿಗೊಂದು.

ಹುಲ್ಲು, ಸೊಪ್ಪು ಹೊದಿಸಿದರೆ ಸಾಕೇ?

ಹನಿಯ ಏಟು ತಡೆಯಲು ಅದಕ್ಕಿಂತ ಅಗ್ಗದ ಉಪಾಯ ಇಲ್ಲ. ನೆಲದ ಶೇ. 30ರಷ್ಟು ಭಾಗ ಮುಚ್ಚಿದ್ದರೂ ಸವಕಳಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಹೊದಿಕೆ ನೆಲಕ್ಕೆ ಅಂಟಿಕೊಂಡಿರಬೇಕು. ಈಗಾಗಲೇ ನೀರು ಗುಂಪುಗೂಡಿದ ದಾರಿಯಲ್ಲಿ ಹರಡಿದ ಹುಲ್ಲು ತೇಲಿಹೋಗಿ ಬದುವಿನ ಕೋಡಿಯನ್ನು ಕಟ್ಟುತ್ತದೆ, ಆಗ ಬದುವೇ ಒಡೆಯುತ್ತದೆ.

ಸಾಲು ಹುಲ್ಲಿಗೆ ಲಾವಂಚ ಒಳ್ಳೆಯದು. ಗುಂಡ್ಲುಪೇಟೆ ಸುತ್ತಲಿನ ರೈತರು ಹೊಲದ ಗಡಿಗೆ ಲಾವಂಚ ಹಚ್ಚುವ ರೂಢಿಯನ್ನು ತಲೆಮಾರುಗಳಿಂದ ಇಟ್ಟುಕೊಂಡು ಬಂದಿದ್ದಾರೆ. ಮಳೆ ಹಿಡಿದ ಮೇಲೆ ಒಂದೊಂದು ಗುಣಿಗೆ ಎರಡು ಮೂರು ಕವಲು, 10ರಿಂದ 15 ಸೆಂ.ಮೀ. ಅಂತರ, ಸಮಮಟ್ಟದ ಗೆರೆಯ ಮೇಲೆ ಒಂದೇ ಸಾಲು. ಮೊದಲ ವರ್ಷ ಸತ್ತ ಕಂತೆಗಳನ್ನು ತಪ್ಪದೆ ತುಂಬಿಸಿ. ಒಂದು ಕಂತೆ ಸತ್ತ ಜಾಗ ಇಡೀ ಸಾಲಿನ ನೀರಿಗೆ ಬಾಗಿಲಾಗುತ್ತದೆ.

ಮಲೆನಾಡು, ಕೊಡಗಿನ ತೋಟಗಳಿಗೂ ಇದೇ ಉಪಾಯವೇ?

ಅಲ್ಲ. ಕಾಫಿ ತೋಟದಲ್ಲಿ ನೆರಳು ಮರ, ತರಗೆಲೆ ಇರುವವರೆಗೆ ಕಿರುಗಾಲುವೆ ಬೀಳುವುದು ಕಡಿಮೆ. ಬೀಳುವುದು ತೋಟದೊಳಗಿನ ರಸ್ತೆ ಮತ್ತು ಹೊಸದಾಗಿ ಅಗೆದ ಜಾಗಗಳಿಂದ. ಗಿಡದ ಸಾಲುಗಳ ನಡುವೆ ನೀರು ಇಂಗಿಸಲು ತೋಡುವ ತೊಟ್ಟಿಲು ಗುಂಡಿ ಸಾಧಾರಣ ಇಳಿಜಾರಿಗೆ ಸರಿ. ಆದರೆ ಆಳ ಮಣ್ಣಿನ ಕಡಿದಾದ ಗುಡ್ಡದಲ್ಲಿ ನೀರು ನಿಲ್ಲಿಸುವುದು ಬೇರೆಯೇ ಅಪಾಯ. ಇಂಗಿದ ನೀರು ಗುಡ್ಡದ ತೂಕ ಹೆಚ್ಚಿಸಿ ಒಳಗಿನ ಹಿಡಿತ ಸಡಿಲಿಸುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಆದಂಥ ಗುಡ್ಡ ಕುಸಿತ ಕಿರುಗಾಲುವೆಯ ದೊಡ್ಡಣ್ಣನಲ್ಲ, ಅದರ ಬಗೆಯೇ ಬೇರೆ. ನೆಲದಲ್ಲಿ ಅಡ್ಡ ಬಿರುಕು, ವಾಲಿದ ಮರ, ಹೊಸ ಒರತೆ ಕಂಡರೆ ಇಂಗುಗುಂಡಿ ತೋಡಬೇಡಿ. ನೀರನ್ನು ಹಾಸುಗಲ್ಲಿನ ಚರಂಡಿಯಲ್ಲಿ ಹೊರಗೆ ಕಳಿಸಿ.

ಹೊಲ ನೋಡಲು ಸರಿಯಾದ ಸಮಯ ಯಾವುದು?

ಭರಣಿ, ಕೃತ್ತಿಕೆಯ ಗುಡುಗುಮಳೆಗಳು. ಆಗ ಮಾಗಿ ಉಳುಮೆ ಮಾಡಿದ ಹೊಲ ಬೋಳಾಗಿರುತ್ತದೆ, ಮಳೆ ರಭಸವಾಗಿರುತ್ತದೆ. ಗುಡುಗು ದೂರವಾದ ಮೇಲೆ, ನೀರು ಇನ್ನೂ ಹರಿಯುತ್ತಿರುವಾಗಲೇ ಕೆಳ ಅಂಚಿನಿಂದ ಕಾಲುವೆ ಹಿಡಿದು ಮೇಲಕ್ಕೆ ನಡೆಯಿರಿ. ಅದು ಕಣ್ಮರೆಯಾಗುವ ಜಾಗಕ್ಕೆ ಗೂಟ ಹೊಡೆಯಿರಿ. ನೀರು ಎಲ್ಲಿಂದ ಬಂತೆಂದು ನೋಡಿ: ಎಷ್ಟೋ ಸಲ ಅದು ನಿಮ್ಮ ಹೊಲದ್ದಲ್ಲ, ಮೇಲಿನ ರಸ್ತೆಯ ಮೋರಿಯದೋ, ನೆರೆಯವರ ಒಡೆದ ಬದುವಿನದೋ ಆಗಿರುತ್ತದೆ. ಗೂಟಗಳನ್ನು ಬಿತ್ತನೆಯವರೆಗೆ ಕೀಳಬೇಡಿ. ಬದುವಿನ ಗೆರೆ ಅವುಗಳಿಗಿಂತ ನಾಲ್ಕೈದು ಮೀಟರ್ ಮೇಲೆ ಹೋಗಬೇಕು.